ಕಂದು

ಮಂಜಗುಣಿಯ ಬುದ್ವಂತಿ ಅಂಬಿಗಳ ಎಮ್ಮೆ ಗುಜ್ಜಿ
ಏಳನೇ ತಿಂಗಳಿಗೆ ಕಂದು ಹಾಕಿತು.
ಫೋನು ಬಂದಾಗ ಬೆಳಗಿನ ಐದು,
ನದಿ ಇನ್ನೂ ಏರುತ್ತಿತ್ತು.
ಗಂಗಾವಳಿಯೊಳಗೆ ಉಪ್ಪು ಎಲ್ಲಿಯವರೆಗೆ ಬರುತ್ತದೋ
ಅಲ್ಲಿಯವರೆಗೂ ನನ್ನ ಸರಹದ್ದು.

ಒದ್ದೆ ಮರಳ ಮೇಲೆ ಬಿದ್ದಿತ್ತು,
ಕೂದಲು ಸರಿಯಾಗಿ ಮೂಡದ್ದು,
ಕಣ್ಣು ತೆರೆಯುವ ಗೋಜಿಗೇ ಹೋಗದ್ದು.
ಕಂದು. ಬಣ್ಣಕ್ಕೂ ಅದೇ ಹೆಸರು.
ಕೊಂಬು ತೆಗೆದರೆ ಕಂದ.

ಮಾಸು ಒಳಗೇ ಕಚ್ಚಿಕೊಂಡಿತ್ತು.
ಚೀಲದಲ್ಲಿ ಉಳಿದದ್ದು ಒಂದೇ ಉದ್ದ ಕೈಗವಸು,
ಅದೂ ಹೆಬ್ಬೆರಳ ಸಂದಿಗೆ ಹರಿದದ್ದು.
ಇಂಡೆಂಟ್ ಕಳಿಸಿ ಮೂರು ತಿಂಗಳು.
ಹರಿದದ್ದರಲ್ಲೇ ಭುಜದವರೆಗೆ ಇಳಿದೆ.

ಹಿಂದಿನ ದಿನ ಭಾನುವಾರ.
ಬಳಚು ಬಿಡಿಸುವಾಗ ಚಿಪ್ಪು ತಾಗಿ
ಉಗುರಿನ ಬುಡಕ್ಕೊಂದು ಗೀರು,
ರಕ್ತವೂ ಬರದಷ್ಟು. ನಾನು ಮರೆತಿದ್ದೆ.
ಒಳಗೆ ಕಾದು ಕೂತದ್ದಕ್ಕೆ
ಅಷ್ಟು ಬಾಗಿಲು ಸಾಕಾಗಿತ್ತು.

ಹೊಂಡ ನಾಲ್ಕಡಿ ಬೇಕು ಎಂದೆ, ಮರಳಾದರೆ ಐದು,
ಮೇಲೆ ಚಿಪ್ಪಿಸುಣ್ಣ.
ಬುದ್ವಂತಿಯ ಮಗ ದೋಣಿಗೆ ಹೊತ್ತಾಯಿತೆಂದು
ಎರಡೂವರೆಗೇ ನಿಲ್ಲಿಸಿದ.
ಉಳಿದ ಕೆಲಸ ನಾಯಿಗಳು ಮಾಡಿದವು, ಉಲ್ಟಾ.
ಒಂದು ಕಾಲು ಧಕ್ಕೆಯವರೆಗೂ ಹೋಗಿತ್ತಂತೆ.

ಮೂರು ವಾರ ಏನೂ ಇಲ್ಲ.
ಆಮೇಲೊಂದು ಸಂಜೆ ಆರಕ್ಕೆ ಜ್ವರ ಬಂತು,
ಬೆಳಿಗ್ಗೆ ಇಳಿಯಿತು, ಮತ್ತೆ ಆರಕ್ಕೆ ಬಂತು.
ಕಡಲಿನ ಉಬ್ಬರವಾದರೂ ದಿನಕ್ಕೆ ಮುಕ್ಕಾಲು ಗಂಟೆ ತಡ.
ಇದಕ್ಕೆ ಚಂದ್ರನ ಹಂಗಿಲ್ಲ.
ಬೆವರಿಗೆ ನೆನೆದು ಮುಗ್ಗಿದ ಹುಲ್ಲಿನ ವಾಸನೆ,
ಸೊಂಟದ ಕೀಲಿಗೆ ಯಾರೋ ಗೂಟ ಬಡಿದಂತೆ.
ಟೈಫಾಯ್ಡ್ ಎಂದರು, ಮಲೇರಿಯಾ ಎಂದರು,
ಒಬ್ಬರು, ಮದುವೆಯಾಗಿ ಎಂದರು.

ಕೊನೆಗೆ ನಾನೇ ನನ್ನ ರಕ್ತವನ್ನು
ಗುಜ್ಜಿಯ ರಕ್ತದ ಪಕ್ಕ ಇಟ್ಟೆ.
ಬಿಳಿ ಬಿಲ್ಲೆಯ ಮೇಲೆ ಎರಡು ಹನಿ,
ಎರಡಕ್ಕೂ ಒಂದೇ ಗುಲಾಬಿ ದ್ರಾವಣ.
ನಾಲ್ಕು ನಿಮಿಷ ತೂಗಬೇಕು, ತೊಟ್ಟಿಲಿನ ಹಾಗೆ.
ಗುಜ್ಜಿಯದು ಎರಡನೇ ನಿಮಿಷಕ್ಕೇ ಒಡೆದ ಹಾಲು,
ನನ್ನದು ಮೂರಕ್ಕೆ.
ಅಟೆಂಡರ್ ಇನಾಸ ಬಗ್ಗಿ ನೋಡಿ
"ಯಾವುದು ಯಾರದು ಮೇಡಂ?" ಎಂದ.
ತೋರಿಸಿದೆ.
ಅವನು ಎಮ್ಮೆಯ ಹನಿಯ ಕಡೆಗೆ ಸರಿದು ನಿಂತ.

ಆರು ವಾರದ ಮಾತ್ರೆ.
ಮೂತ್ರ ಕಿತ್ತಳೆ, ಕಣ್ಣೀರೂ ಕಿತ್ತಳೆ,
ಅತ್ತಿಲ್ಲ ಎಂದು ಹೇಳುವಂತಿಲ್ಲ, ದಿಂಬಿಗೆ ಗೊತ್ತು.

ಹನ್ನೊಂದನೇ ದಿನ ಬುದ್ವಂತಿ ಬಂದಳು,
ಕೈಯಲ್ಲಿ ಗಂಜಿಯ ತಪ್ಪಲೆ.
"ಹಾಲು ತರ್ಲಿಲ್ಲ, ಕಾಯಿಸ್ದೆ ಕುಡೀಬೇಡಿ ಅಂದದ್ದು ನೀವೇ ಅಲ್ದಾ."
ನಿಂತೇ ಇದ್ದಳು. ಸೆರಗಿನ ತುದಿ ಹಿಂಡಿದಳು.
"ನಮ್ಮ ಗುಜ್ಜಿಯಿಂದ್ಲೇ ಬಂತನಾ, ಅಮ್ಮಾ?"

ಇಲ್ಲ ಎಂದೆ.
ಎಷ್ಟು ಸಲೀಸಾಗಿ ಬಂತು ಆ ಇಲ್ಲ!
ಹದಿನಾಲ್ಕು ವರ್ಷ ಊರೂರು ತಿರುಗಿ
ಕೈ ತೊಳೆಯಿರಿ, ಸುಣ್ಣ ಹಾಕಿರಿ,
ಮಾರುವ ಮುಂಚೆ ಹೇಳಿರಿ ಎಂದ ಅದೇ ಬಾಯಿಂದ.
ಅವಳ ಭುಜ ಇಳಿಯಿತು.
ದೇವರು ದೊಡ್ಡವನು ಎಂದಳು.

ಹೊಸಿಲಲ್ಲಿ ಚಪ್ಪಲಿ ಹುಡುಕುತ್ತ, ಬೆನ್ನು ಹಾಕಿಯೇ,
ಇನ್ನೇನೋ ಮಾತಿಗೆ ಜೋಡಿಸಿದ ಹಾಗೆ ಅಂದಳು:
ಸೊಸೆ ಯಮುನಿಗೆ ಐದು ತುಂಬಿತು,
ಕೊಟ್ಟಿಗೆ ಬಾಚುವುದು ಅವಳೇ,
ಅವತ್ತು ಮಾಸು ಎತ್ತಿ ಹೊರಗೆ ಹಾಕಿದ್ದೂ ಅವಳೇ,
ಮೊನ್ನೆಯಿಂದ ಸಂಜೆ ಸಂಜೆ ಮೈ ಬಿಸಿ,
ಬಸುರಿಗೆ ಅದೆಲ್ಲ ಇದ್ದದ್ದೇ.

ಗೋಡೆ ಹಿಡಿದು ಎದ್ದು ಕೂತೆ.
"ಬುದ್ವಂತಕ್ಕ, ಒಳಗೆ ಬಾ.
ಆಗ ನಾನು ಸುಳ್ಳು ಹೇಳಿದೆ."

ತಪ್ಪಲೆ ಇನ್ನೂ ಅವಳ ಕೈಯಲ್ಲೇ ಇತ್ತು.
ಗಡಿಯಾರದಲ್ಲಿ ಐದೂ ನಲವತ್ತು.
ನನಗೆ ಉಳಿದದ್ದು ಇಪ್ಪತ್ತು ನಿಮಿಷ.
ಇನಾಸನಿಗೆ ಫೋನು ಮಾಡಿ
ಜೀಪು ತೆಗೆ ಎಂದೆ, ಮಂಜಗುಣಿಗೆ,
ಅಲ್ಲಿಂದ ಕಾರವಾರಕ್ಕೆ.