ಕೊರಳು, ಎದೆ, ಐದು, ಆರು

ಮದುವೆ ಮುಗಿಸಿ ಮರಳುವಾಗ
ಲಾರಿ ಕಬ್ಬಿನ ಗದ್ದೆಯ ಮಗ್ಗುಲಿಗೆ ವಾಲಿ
ಒಡೆದದ್ದು ಒಂದೇ ಪಟ್ಟಿ:
ಎದೆ.

ತಮಾಷೆಯಲ್ಲ, ಅದರ ಹೆಸರೇ ಹಾಗೆ.
ಜಾವಾದವರು ಸ್ವರಗಳನ್ನು ಕರೆಯುವುದು ಹೀಗೆ:
ಮೊದಲನೆಯದು ಬಾರಂಗ್, ಎಂದರೆ ಬರೀ ‘ವಸ್ತು’;
ಆಮೇಲೆ ಗುಲು, ಕೊರಳು
(ಕನ್ನಡದ ಕಿವಿಗೆ ಇದು ಎರಡು ಸಲ ಕೇಳಿಸುತ್ತದೆ);
ಆಮೇಲೆ ಡಡ, ಎದೆ;
ಅಲ್ಲಿಗೆ ಮೈ ಸಾಕಾಯಿತೇನೋ,
ಮುಂದಿನವು ಬರೀ ಲೆಕ್ಕ: ಐದು, ಆರು.
ನಾಲ್ಕು ಎಲ್ಲಿ ಎಂದು ಕೇಳಿದರೆ
ಈ ಶ್ರುತಿಯಲ್ಲಿಲ್ಲ, ಇನ್ನೊಂದರಲ್ಲಿದೆ ಎನ್ನುತ್ತಾರೆ,
ಉಪ್ಪು ಪಕ್ಕದ ಮನೆಯಲ್ಲಿದೆ ಎಂಬಷ್ಟು ಸಲೀಸಾಗಿ.

ಮೇಳಕ್ಕೂ ಒಂದು ಹೆಸರು: ಕ್ಯಾಯಿ ಮೆಂಡುಂಗ್,
ಮೋಡಜ್ಜ.
ಅಜ್ಜನನ್ನು ದಾಟುವಂತಿಲ್ಲ, ಕಾಲು ತಾಗಿಸುವಂತಿಲ್ಲ,
ಗುರುವಾರ ಇರುಳು ಹೂವು, ಧೂಪ.
ಒಡೆದ ಎದೆಗೆ ಬದಲಾಗಿ
ಪಕ್ಕದೂರಿನ ಅಜ್ಜನಿಂದ ಒಂದನ್ನು ಕಡ ತರುವಂತೆಯೂ ಇಲ್ಲ:
ಅಲ್ಲಿಯ ಎದೆ
ಇಲ್ಲಿಯ ಕೊರಳಿಗೂ ಎದೆಗೂ ನಡುವೆ ಎಲ್ಲೋ
ಪರದೇಶಿಯಂತೆ ನಿಂತುಬಿಡುತ್ತದೆ.
ಊರೂರಿಗೂ ಅದೇ ಹೆಸರು, ಊರೂರಿಗೂ ಬೇರೆ ಎತ್ತರ.

ಕಂಚುಗಾರ್ತಿ ಸುಹಾರ್ನಿ ಎರಕ ಹೊಯ್ದು, ಬಡಿದು,
ಪಟ್ಟಿಯನ್ನು ತೊಡೆಯ ಮೇಲಿಟ್ಟು ಅರ ಹಿಡಿದು ಕೂತಳು.
ತುದಿ ಉಜ್ಜಿದರೆ ದನಿ ಏರುತ್ತದೆ,
ಹೊಟ್ಟೆಯಡಿ ಉಜ್ಜಿದರೆ ಇಳಿಯುತ್ತದೆ.
ಅಷ್ಟು ಗೊತ್ತು.
ಎಲ್ಲಿಯವರೆಗೆ ಎಂಬುದು ಗೊತ್ತಿಲ್ಲ.

ತಮ್ಮನ ಮಗ ಜತ್ಮಿಕೊ ಫೋನು ಹಿಡಿದ.
ಅದರ ಮುಳ್ಳು ಕೆಳಸ್ಥಾಯಿಯ ಎದೆಗೆ ಕಿವಿಗೊಟ್ಟು
ಯುರೋಪಿನ ಡಿ ಎಂದಿತು, ಅಲ್ಲವೆಂದಿತು,
ಇ ಎನ್ನಲು ಬಾಯಿ ತೆರೆದು ನಾಚಿತು.
“ಈ ಸ್ವರಕ್ಕೆ ಹೆಸರಿಲ್ಲ ಅತ್ತೆ.”
“ಅದಕ್ಕೆ ಗೊತ್ತಿಲ್ಲ ಅನ್ನು.”
ಇಮ್ಮಡಿಸಿ ನೋಡಿದ. ಲೆಕ್ಕ ಸರಿ, ಕಿವಿ ಒಪ್ಪಲಿಲ್ಲ:
ಮೋಡಜ್ಜನ ಮೇಲಿನ ಎದೆ
ಇಮ್ಮಡಿಗಿಂತ ಕೂದಲೆಳೆಯಷ್ಟು ಮೇಲೆ.
ಎರಕ ಹೊಯ್ದವನಿಗೆ ಹಾಗೇ ಇಷ್ಟವಾಗಿತ್ತು.
ಎಷ್ಟು ಕೂದಲು ಎಂದು ಆತ ಬರೆದಿಟ್ಟಿಲ್ಲ.

ಕೊನೆಗೆ ತುಕಿರಾ ಅಜ್ಜಿಯನ್ನು ಬೈಕಿನಲ್ಲಿ ಕೂರಿಸಿ ತಂದರು.
ನಲವತ್ತು ವರ್ಷ ಈ ಮೇಳದ ಮುಂದೆ ಹಾಡಿದವಳು,
ಈಗ ಬಲಗಿವಿ ಪೂರ್ತಿ ಕಲ್ಲು.
“ಎದೆ ಹಾಡಜ್ಜಿ.”
ಹಾಡಿದಳು. ತುಂಬ ತಗ್ಗು.
ವಯಸ್ಸಿನ ಕೈಹಿಡಿದು ದನಿಯೂ ಮೆಟ್ಟಿಲಿಳಿದಿತ್ತು.
ಜತ್ಮಿಕೊ ಫೋನನ್ನು ಜೇಬಿಗಿಳಿಸಿದ.
ಸುಹಾರ್ನಿ ಮಾತ್ರ, “ಕೊರಳಿಂದ ಶುರುಮಾಡು” ಎಂದಳು.

ಕೊರಳು. ಎದೆ.
ಮತ್ತೆ. ಕೊರಳು, ಎದೆ, ಐದು.
ಎದೆಯಲ್ಲಿ ಒಂದಿಷ್ಟು ತಡೆದು,
ಬಾಗಿಲಲ್ಲಿ ಚಪ್ಪಲಿ ಹುಡುಕುವವಳ ಹಾಗೆ.
ಎಲ್ಲವೂ ತಗ್ಗು, ಎಲ್ಲವೂ ಒರಟು.
ಕೊರಳಿಂದ ಎದೆಗಿರುವ ದೂರ ಮಾತ್ರ
ಒಂದೆಳೆಯೂ ಸವೆದಿರಲಿಲ್ಲ.

ಆ ದೂರವನ್ನು ಸುಹಾರ್ನಿ ಬಾಯಲ್ಲೇ ಇಟ್ಟುಕೊಂಡು,
ಉಗುಳು ನುಂಗದೆ, ಯಾರೊಡನೆಯೂ ಮಾತಾಡದೆ,
ಹಳೆಯ ಕೊರಳನ್ನೊಮ್ಮೆ ಬಡಿದು
ಹೊಸ ಎದೆಯ ತುದಿ ಉಜ್ಜಿದಳು.
ಉಜ್ಜಿದಳು.
ಹೊಟ್ಟೆಯಡಿ ಒಂದೇ ಒಂದು ಗೀರು.
ತೊಡೆಯ ಮೇಲೆಲ್ಲ ಕಂಚಿನ ಹುಡಿ.

ಅಜ್ಜಿ ಎಡಗಿವಿ ವಾಲಿಸಿ
“ಹ್ಞಾಂ, ಅದೇ. ಸ್ವಲ್ಪ ಗಡಸು” ಎಂದು ಚಹಾ ಕೇಳಿದಳು.
ಕಪ್ಪಿಟ್ಟ ಪಟ್ಟಿಗಳ ಸಾಲಿನಲ್ಲಿ ಅದೊಂದೇ ಹೊಳೆಯುತ್ತಿತ್ತು,
ಶಾಲೆಯ ಮೊದಲ ದಿನದ ಹುಡುಗನ ಹಾಗೆ.
ಜತ್ಮಿಕೊ ಅದರ ಬೆನ್ನಿಗೆ
ಸೀಮೆಸುಣ್ಣದಲ್ಲಿ ಮೂರು ಎಂದು ಅಂಕಿ ಹಾಕಿದ.

“ಬರುವ ವರ್ಷ ಮತ್ತೆ ತನ್ನಿ,”
ಅರ ಒರೆಸುತ್ತ ಸುಹಾರ್ನಿ ಮೇಳದವರಿಗೆ ಹೇಳಿದಳು,
“ಹೊಸ ಕಂಚು ಸುಮ್ಮನಿರುವುದಿಲ್ಲ, ಜರುಗುತ್ತದೆ.
ಹೆಸರು ನಾವು ಇಟ್ಟಾಯಿತು.
ಅದಕ್ಕಿನ್ನೂ ಗೊತ್ತಿಲ್ಲ.”