ನೂರಕ್ಕ ಹತ್ತೊಂಬತ್ತು

"ಯಜಮಾನ್ರ ಡಿಸ್ಚಾರ್ಜ್ ಕಾಗದ ತಂದೀರೇನ್ರಿ, ಅಮ್ಮಾ?"
ರಾಯಚೂರಿನ ಆಫೀಸಿನ್ಯಾಗ ಗುಮಾಸ್ತ ಕೇಳಿದ,
ತಲಿ ಎತ್ತಲಿಲ್ಲ.
ಯಜಮಾನ ಮಸ್ಕ್ಯಾಗ ಪಂಚರ್ ಹಾಕತಾನ, ಸಾಹೇಬ್ರ.
ಬಂದೂಕು ಹಿಡಿದಾಕಿ ನಾನು.

ಆಗ ನೋಡಿದ. ಮೊದಲು ಮಾರಿ, ಆಮ್ಯಾಲ ಫೈಲಿನ ಹೆಸರು,
ಹೆಸರಿನ ಮುಂದಿನ 'ಮಾದರ'.
ಬೆರಳು ಅಲ್ಲೇ ಒಂದು ಗಳಿಗಿ ನಿಂತಿತು.
ಕುರ್ಚಿ ಖಾಲಿ ಇತ್ತು. ಕುಂದರ್ರಿ ಅನ್ನಲಿಲ್ಲ.

ಫೈಲಿನ್ಯಾಗ ನಾನು ಮೂರು ಮಂದಿ:
ಹುಲಿಗೆಮ್ಮ, ಹಲಗೀಮಾ, ಹುಲ್ಗಿ ಅಮಾ.
ದಿಲ್ಲಿಯ ಟೈಪಿಸ್ಟಗ ನಮ್ಮ ದೇವಿ ಹೆಸರು ಹೊರಳಿಲ್ಲ.
ಮೂವರೂ ಒಬ್ಬಾಕಿನ ಅಂತ
ಛಾಪಾ ಕಾಗದದ ಮ್ಯಾಲ ಆಣಿ ಮಾಡಿಕೊಟ್ಟೀನಿ.

ಜಾಕೀಟು ಹನ್ನೊಂದು ಕಿಲೋ.
ಗಂಡಸಿನ ಎದಿಗೆ ಹೊಲಿದದ್ದು,
ನನ್ನ ಭುಜದ ಮ್ಯಾಲ ನಿಲ್ಲತಿದ್ದಿಲ್ಲ, ಸೊಂಟದ ಮ್ಯಾಲ ಬಂದು ಕುಂದರತಿತ್ತು,
ಒಂಬತ್ತು ವರ್ಷ, ಛತ್ತೀಸಗಡದ ಕಾಡಿನ್ಯಾಗ.
ಲಾರಿ ಹಾರಿದ ದಿನ ನಾನೂ ಹಾರಿದೆ, ಶೇಖರಗೌಡನೂ ಹಾರಿದ.
ಒಂದ ತಗ್ಗಿಗೆ ಬಿದ್ವಿ.
ಸ್ಟ್ರೆಚರ್ ಒಂದ ಇತ್ತು.

ಬೋರ್ಡಿನ ಡಾಕ್ಟರು ಅವನಿಗೆ ಕೇಳಿದ್ದು: ಎಷ್ಟು ದೂರ ಒಗೀತು?
ನನಗ ಕೇಳಿದ್ದು: ಮಕ್ಕಳೆಷ್ಟು?
ಒಂದು, ಅಂದೆ.
ಬರಕೊಂಡ್ರು: ಬೆನ್ನುನೋವು ಹೆರಿಗಿಯಿಂದ, ಸೇವೆಯಿಂದಲ್ಲ.
ಅವನಿಗೆ ಐವತ್ತು. ನನಗ ಹತ್ತೊಂಬತ್ತು.
ಇಪ್ಪತ್ತಾದ್ರ ಪಿಂಚಣಿ.

ಶೇಖರಗೌಡ ಕೆಟ್ಟವನಲ್ಲ. ಸಾಕ್ಷಿ ಬರದುಕೊಟ್ಟಾನ.
ಆದ್ರ ಅವನ ಅರ್ಜಿ ಮಾವನ ಕೈಯಾಗ ಹೋತು, ಕಾರಿನ್ಯಾಗ.
ನನ್ನದು ಟಪಾಲಿನ್ಯಾಗ ಹೋತು.
ಎಲ್ಲೋ ಇರಬೇಕು.

ನೆಗೆಣ್ಣಿ ಯಂಕೋಬಮ್ಮ ಮಸ್ಕಿ ಬಸ್‌ಸ್ಟ್ಯಾಂಡ್ ಹಿಂದ ರವಿಕಿ ಹೊಲೀತಾಳ.
ನೂರಾ ಐವತ್ತರ ರವಿಕಿಗೆ
ಎದಿ, ಕಂಕುಳ, ತೋಳು, ಬೆನ್ನು, ಎಂಟು ಕಡೆ ಟೇಪು ಹಿಡೀತಾಳ.
ಗುಂಡು ತಡಿಯೋ ಅಂಗಿಗೆ
ನನ್ನ ಅಳತಿ ಯಾರೂ ಕೇಳಲಿಲ್ಲ.

"ಒಂದ ಅಂಕಿ ಕಮ್ಮಿ ಬಿದ್ದೈತ್ರಿ," ಗುಮಾಸ್ತ ಅಂದ, ಮೆಲ್ಲಗ.
ಅವನೂ ಕೆಟ್ಟವನಲ್ಲ ಅನಸ್ತು.
ನೂರಕ್ಕ ಹತ್ತೊಂಬತ್ತು ಅಂದ್ರ,
ಆ ನೂರು ಯಾರ ಮೈಯಿಂದ ತಗೊಂಡ್ರಿ, ಸಾಹೇಬ್ರ?

ಫ್ಯಾನು ತಿರುಗಿತು. ಕ್ವಾಟಿಗ್ವಾಡಿ ಮ್ಯಾಲಿನ ಬಿಸಿಲು ಕಿಟಕಿಯಾಗ ಬಂದು ನಿಂತಿತ್ತು.
ಅವ ಮೇಲ್ಮನವಿ ಫಾರಂ ಸರಿಸಿದ.
ಎರಡನೇ ಸಾಲು: ಪತಿಯ ಹೆಸರು ಮತ್ತು ಬಟಾಲಿಯನ್.
ಗ್ವಾಡಿಗೆ ಆತು ನಿಂತು
'ಪತಿಯ' ಅನ್ನೋದನ್ನ ಹೊಡದುಹಾಕಿ
'ನನ್ನ' ಅಂತ ಬರದೆ.
ಪೆನ್ನು ಅವನದು.
ಟೊಪ್ಪಿಗಿ ಮಾತ್ರ ತನ್ನ ಹತ್ರನ ಇಟ್ಟುಕೊಂಡಿದ್ದ.