ಹದಿನೈದು ಇಂಚು

ಕೊರಳಲ್ಲಿ ಟೇಪು ಹಾಕಿಕೊಂಡೇ ಮನೆ ಬಿಡುವವಳು ನಾನು.
ಪೀಣ್ಯದ ಗಾರ್ಮೆಂಟ್ಸು, ಕಾಲರ್ ಸೆಕ್ಷನ್ನು.
ಅದಕ್ಕೇ, ನಮ್ಮ ಹಾಲ್ಟಿನ ಪ್ಲಾಟ್‌ಫಾರ್ಮು ಎತ್ತರಿಸುತ್ತಾರಂತೆ ಎಂದು
ಕಮಿಷನ್ ಮೇಲೆ ಟಿಕೆಟ್ ಮಾರುವ ನಂಜುಂಡಾರಾಧ್ಯರು ಹೇಳಿದ ದಿನ
ಬಗ್ಗಿ ಅಳೆದೆ. ಹಳಿಯಿಂದ ಹದಿನೆಂಟು.
ರೈಲಿನ ಬಾಗಿಲು ಅದಕ್ಕೂ ಮೇಲೆ ಎಲ್ಲೋ,
ಉಪ್ಪಿನಕಾಯಿ ಜಾಡಿ ಇಡುವ ಅಟ್ಟದ ಹಾಗೆ.

ಆ ಹದಿನೆಂಟರ ಮೇಲೆ ನಿಂತು ಹನ್ನೊಂದು ವರ್ಷ
ಸೆರಗು ಸಿಕ್ಕಿಸಿ, ಡಬ್ಬಿಚೀಲ ಹಲ್ಲಲ್ಲಿ ಕಚ್ಚಿ,
ಮೇಲಿನಿಂದ ಚಾಚಿದ ಯಾವುದೋ ಕೈ ಹಿಡಿದು ಹತ್ತಿದ್ದೇನೆ.
ಮುಖ ನೋಡಲು ಪುರುಸೊತ್ತೆಲ್ಲಿ?
ಒಂದಕ್ಕೆ ಸುಣ್ಣದ ವಾಸನೆ, ಒಂದಕ್ಕೆ ಆರು ಬೆರಳು,
ಒಂದು ಸದಾ ಒದ್ದೆ. ಅದು ಸೊಪ್ಪಿನ ಮುನಿಯಲ್ಲಮ್ಮನದು,
ಆನೇಕಲ್ ರೋಡಿನಿಂದ ದಂಟಿಗೂ ಸಬ್ಬಸಿಗೆಗೂ
ನೀರು ಚಿಮುಕಿಸುತ್ತಲೇ ಬರುವವಳು.

ಮೊದಲು ಹಳದಿ ಬೋರ್ಡು ಕಿತ್ತು ಗೋಡೆಗೆ ಒರಗಿಸಿದರು.
ಊರಿನ ಹೆಸರು ಓರೆ, ಕೆಳಗಿನ ಸಮುದ್ರಮಟ್ಟವೂ ಓರೆ.
ಸಮುದ್ರದಿಂದ ಇಷ್ಟು ಮೀಟರ್ ಎಂದು ಬರೆದವರಿಗೆ
ನನ್ನ ಮಂಡಿಯಿಂದ ಎಷ್ಟೆಂದು ಗೊತ್ತಿರಲಿಲ್ಲ.

ಮರುತಿಂಗಳು ಜಲ್ಲಿ ಬಂತು.
ಆಮೇಲೆ ಏನೂ ಇಲ್ಲ.
ಬಿಲ್ಲು ಪಾಸಾಗಿಲ್ಲವಂತೆ.
ಜಲ್ಲಿರಾಶಿಯಲ್ಲಿ ಎಕ್ಕ ಹುಟ್ಟಿತು, ಹೂ ಬಿಟ್ಟಿತು,
ಒಂದು ಶನಿವಾರ ಯಾರೋ ಬಿಡಿಸಿ ಆಂಜನೇಯನಿಗೆ ಒಯ್ದರು.
ಅಲ್ಲಿಯವರೆಗೆ ಆದ ಕೆಲಸ ಅದೊಂದೇ.

ಶ್ರಾವಣ ಕಳೆದ ಮೇಲೆ ದೇವದುರ್ಗದ ಕಡೆಯ ಹುಡುಗರು.
ಹಳಿ ಪಕ್ಕ ನೀಲಿ ಟಾರ್ಪಾಲು. ರೊಟ್ಟಿ ಬಡಿಯುವ ಸದ್ದು
ರೈಲಿಗಿಂತ ಮುಂಚೆ ಕೇಳುತ್ತಿತ್ತು.
ದಾರ ಎಳೆದು ಮಟ್ಟ ನೋಡುತ್ತಿದ್ದ ಹನುಮೇಶಿ
ನನ್ನ ಅಳತೆ ಕೇಳಿ ನಕ್ಕ:
'ಅಕ್ಕಾರ, ನಿಮ್ಮ ಟೇಪು ಸುಳ್ಳು ಹೇಳಾಕತ್ತೈತಿ.'
ಬಟ್ಟೆಯ ಟೇಪು ಹಿಗ್ಗುತ್ತದೆ, ನಿಜ.
ಅವನ ಉಕ್ಕಿಗೂ ನನ್ನ ಬಟ್ಟೆಗೂ ಕಾಲಿಂಚು ತಕರಾರು.
ಕಾಲರಿನಲ್ಲಾದರೆ ಕಾಲಿಂಚಿಗೆ
ಸೂಪರ್‌ವೈಸರು ಇಡೀ ಬಂಡಲು ಮುಖಕ್ಕೆ ಎಸೆಯುತ್ತಾನೆ.
ಇಲ್ಲಿ ಸಿಮೆಂಟು ನುಂಗಿಕೊಂಡಿತು.

ಇಪ್ಪತ್ತೆರಡು. ಇಪ್ಪತ್ತೇಳು.
ದೀಪಾವಳಿಗೆ ಅವರು ಊರಿಗೆ ಹೋದರು, ಇಪ್ಪತ್ತೇಳರಲ್ಲೇ ಇತ್ತು.

ಕಣ್ಣು ಕಾಣದವರಿಗೆಂದು ಗುಬುಟುಗುಬುಟಾದ ಹಳದಿ ಟೈಲ್ಸು ಹಾಸಿದರು.
ನೆಟ್ಟಗೆ ಹೋಗಿ ಅದು ಒಂದು ಕಂಬಕ್ಕೆ ಹಣೆ ಹಚ್ಚಿತು.
ಬಾಚಣಿಗೆ ಮಾರುವ ಪ್ಯಾರೇಜಾನ್
ಕೋಲಿನಿಂದ ಕಂಬ ತಟ್ಟಿ ತಟ್ಟಿ ನೋಡಿ ಅಂದರು:
'ದಾರಿ ಸರಿಯಾಗೇ ಇದೆ, ಕಂಬಕ್ಕೆ ಕಣ್ಣಿಲ್ಲ.'
ಮರುವಾರ ಟೈಲ್ಸು ಕಿತ್ತು ಸುತ್ತಿಸಿದರು. ಕಂಬ ಅಲ್ಲೇ.

ಒಂದು ರಾತ್ರಿ ಹುಡುಗರು ಲಾರಿ ಹತ್ತಿ ಹೋಗಿಬಿಟ್ಟಿದ್ದರು.
ತಾವು ಕಟ್ಟಿದ ಕಡೆಯಿಂದ ಅವರು ಒಮ್ಮೆಯೂ ರೈಲು ಹತ್ತಲಿಲ್ಲ.
ಟಾರ್ಪಾಲಿನ ಜಾಗದಲ್ಲಿ ಮೂರು ಕಲ್ಲು, ಮಸಿ.

ಮೊನ್ನೆ ಬಗ್ಗಿ ಅಳೆದೆ. ಮೂವತ್ತಮೂರು.
ಮಂಡಿಚಿಪ್ಪು ಸವೆದಿದೆ ಎಂದು ಇಎಸ್‌ಐ ಡಾಕ್ಟರು
ಯಾವಾಗಲೋ ಹೇಳಿದ್ದರು. ಎತ್ತರಿಸಿದವರ ಹೊಟ್ಟೆ ತಣ್ಣಗಿರಲಿ.
ಹಳೆಯದೇ ಚೆನ್ನಾಗಿತ್ತು ಅನ್ನುವವರು
ಆರು ತಿಂಗಳ ಬಸುರಿಯಾಗಿ ಒಮ್ಮೆ ಹದಿನೆಂಟರಿಂದ ಹತ್ತಿ ಮಾತಾಡಲಿ.

ಹೊಸೂರಿನ ಮೆಮು ಬಂತು. ಬಾಗಿಲಲ್ಲಿ ಎಂದಿನ ಹಾಗೆ
ಮುನಿಯಲ್ಲಮ್ಮ ಕೈ ಚಾಚಿದಳು, ಕೆಳಕ್ಕೆ,
ಈಗ ನಾನಿಲ್ಲದ ಎತ್ತರಕ್ಕೆ.
ಚೀಲ ಕೈಯಲ್ಲೇ ಹಿಡಿದು, ಒಂದೇ ಹೆಜ್ಜೆ ಎತ್ತಿ ಒಳಗೆ ಬಂದೆ.
ಅವಳು ಕೈ ನೋಡಿಕೊಂಡು ಸೆರಗಿಗೆ ಒರೆಸಿ
ಸೊಪ್ಪಿನ ಕಂತೆಯೊಳಗೆ ಇಟ್ಟುಕೊಂಡಳು.

ಬೆಳ್ಳಂದೂರು ದಾಟುವವರೆಗೂ ಇಬ್ಬರೂ ಮಾತಾಡಲಿಲ್ಲ.
ಆಮೇಲೆ ಅವಳೇ, 'ದಂಟು ಬೇಕೇನವ್ವಾ?' ಅಂದಳು.
ಬೇಕಿರಲಿಲ್ಲ. ಎರಡು ಕಟ್ಟು ಕೊಂಡೆ,
ಚಿಲ್ಲರೆ ಎಣಿಸುವ ನೆಪದಲ್ಲಿ ಕೈ ತುಸು ಹೊತ್ತು ಹಿಡಿದೆ.
ಮುಖ ನೋಡಿದೆ.
ಎಡಗಣ್ಣಿಗೆ ಪೊರೆ ಬಂದಿದೆ,
ಯಾವಾಗಿನಿಂದಲೋ.